ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹೈಬ್ರಿಡ್ ಕಾರು: ಉಳಿತಾಯ ಎಲ್ಲಿ, ಎಷ್ಟು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ದೀರಿ ಅಂದ್ಕೋತೀನಿ. ಇವತ್ತಿನ ವಿಷಯ ಹೈಬ್ರಿಡ್ ಕಾರು. ಮೊದಲ ಕಾರು ನೋಡೋಕೆ ಶೋರೂಮಿಗೆ ಹೋದರೆ 'ಮೈಲೇಜ್ ಸೂಪರ್ ಸರ್, ಚಾರ್ಜಿಂಗ್ ತಲೆನೋವೂ ಇಲ್ಲ' ಅಂತಾರೆ. ಮಾತೇನೋ ನಿಜ. ಆದರೆ ಅದಕ್ಕೆ ಒಂದೆರಡು ಲಕ್ಷ ಹೆಚ್ಚು ಕೊಡಬೇಕು, ಅದರ ಮೇಲೆ ಇಎಂಐ ಬಡ್ಡಿ. ಆ ದುಡ್ಡು ವಾಪಸ್ ಬರುತ್ತಾ? ಉತ್ತರ ಇರೋದು ನೀವು ದಿನಾ ಓಡಾಡುವ ರಸ್ತೆಯಲ್ಲಿ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. 'ಹೈಬ್ರಿಡ್' ಅಂತ ಬರೆದಿರೋದೆಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಚಿಕ್ಕ ಮೋಟಾರ್ ಎಂಜಿನ್‌ಗೆ ಸ್ವಲ್ಪ ಕೈಜೋಡಿಸುತ್ತೆ, ಅಷ್ಟೇ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ ಆಫ್ ಇದ್ದಾಗಲೂ ಮೋಟಾರ್ ಒಂದೇ ಕಾರನ್ನು ಸ್ವಲ್ಪ ದೂರ ಓಡಿಸಬಲ್ಲದು. ಶೋರೂಮಿನಲ್ಲಿ ಈ ಒಂದು ಪ್ರಶ್ನೆ ಕೇಳಿ, ಸಾಕು. ನಾವೀಗ ಮಾತಾಡ್ತಿರೋದು ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ.

ಬೆಳಿಗ್ಗೆ ಸ್ಟಾರ್ಟ್ ಬಟನ್ ಒತ್ತಿದರೆ ಹಲವು ಸಲ ಸದ್ದೇ ಬರಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ 'ರೆಡಿ' ಅಂತ ದೀಪ ಹತ್ತುತ್ತೆ, ಕಾರು ಮೆಲ್ಲಗೆ ಹೊರಡುತ್ತೆ. ಗಲ್ಲಿಯಲ್ಲಿ ಮಕ್ಕಳು, ನಾಯಿಗಳಿಗೆ ಕಾರು ಬಂದದ್ದೇ ಗೊತ್ತಾಗದೆ ಇರಬಹುದು, ಹುಷಾರು. ಇಳಿಯುವಾಗಲೂ ಅಷ್ಟೇ, ಸದ್ದಿಲ್ಲ ಅಂತ ಆಫ್ ಆಗಿದೆ ಅಂದ್ಕೋಬೇಡಿ, ದೀಪ ನೋಡಿ.

ಇನ್ನು ಸಿಲ್ಕ್ ಬೋರ್ಡ್ ಜಂಕ್ಷನ್. ಸಾಮಾನ್ಯ ಕಾರು ನಿಂತಲ್ಲೇ ಪೆಟ್ರೋಲ್ ಕುಡಿಯುತ್ತೆ. ಇಲ್ಲಿ ಎಂಜಿನ್ ಮಲಗಿರುತ್ತೆ, ಎಸಿ ಬ್ಯಾಟರಿಯಿಂದ ನಡೆಯುತ್ತೆ. ಬ್ರೇಕ್ ಒತ್ತಿದಾಗ ಶಾಖವಾಗಿ ಹಾಳಾಗುತ್ತಿದ್ದ ಶಕ್ತಿಯಲ್ಲಿ ಒಂದಷ್ಟನ್ನು ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ತುಂಬುತ್ತೆ. ಮುಂದಿನ ಹತ್ತು ಅಡಿ ತೆವಳೋಕೆ ಅದೇ ಬಂಡವಾಳ. ಬ್ಯಾಟರಿ ಚಿಕ್ಕದು, ಹಾಗಾಗಿ ತುಂಬ ಹೊತ್ತು ನಿಂತರೆ ಎಂಜಿನ್ ತಾನಾಗೇ ಎದ್ದು ಸ್ವಲ್ಪ ಚಾರ್ಜ್ ಮಾಡಿ ಮತ್ತೆ ಮಲಗುತ್ತೆ. ಗಾಬರಿ ಬೇಡ.

ಅದೇ ಕಾರು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100ರ ವೇಗದಲ್ಲಿ ಹೋಗುವಾಗ ಕಥೆ ಬೇರೆ. ಬ್ರೇಕ್ ಒತ್ತೋದೇ ಕಡಿಮೆ, ವಾಪಸ್ ಸಿಗೋ ಶಕ್ತಿಯೂ ಕಡಿಮೆ. ಹೆಚ್ಚು ಹೊತ್ತು ಎಂಜಿನ್ನೇ ದುಡಿಯಬೇಕು. ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಒಂದೇ ಸಮನೆ ಗುಂಯ್ ಅನ್ನಬಹುದು. ಇಳಿಯುವಾಗ ಬ್ಯಾಟರಿ ಬೇಗ ತುಂಬಿಬಿಡುತ್ತೆ, ಆಮೇಲೆ ಜಾಗವಿಲ್ಲ. ಗೇರ್ ಲಿವರ್‌ನಲ್ಲಿ 'ಬಿ' ಇದ್ದರೆ ಇಳಿಜಾರಿನಲ್ಲಿ ಅದನ್ನು ಬಳಸಿ, ಬ್ರೇಕ್‌ಗೆ ಭಾರ ಕಡಿಮೆಯಾಗುತ್ತೆ.

ಈಗ ದುಡ್ಡಿನ ಲೆಕ್ಕ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಅದು ಪರೀಕ್ಷೆಯ ಅಂಕಿ, ರಸ್ತೆಯಲ್ಲಿ ಅಷ್ಟು ನಿರೀಕ್ಷಿಸಬೇಡಿ. ಉದಾಹರಣೆಗೆ 20 ಅಂತಿಟ್ಟುಕೊಳ್ಳಿ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ, ಒಟ್ಟು 12,000 ಕಿ.ಮೀ. ಹೈಬ್ರಿಡ್‌ಗೆ 600 ಲೀಟರ್ ಬೇಕು. ಸಿಟಿ ಟ್ರಾಫಿಕ್‌ನಲ್ಲಿ 12 ಕೊಡುವ ಪೆಟ್ರೋಲ್ ಕಾರಿಗೆ 1,000 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 40,000 ಉಳಿತಾಯ. ಹೆಚ್ಚಿಗೆ ಕೊಟ್ಟ 2 ಲಕ್ಷ 5 ವರ್ಷದಲ್ಲಿ ವಾಪಸ್.

ಆದರೆ ನಿಮ್ಮ ಓಡಾಟ ಬಹುಪಾಲು ಹೈವೇಯಲ್ಲಿ, ಅಲ್ಲಿ ಪೆಟ್ರೋಲ್ ಕಾರೇ 16 ಕೊಡುತ್ತೆ ಅನ್ನಿ. ಉಳಿಯೋದು 150 ಲೀಟರ್, ಅಂದರೆ 15,000. ಅದೇ 2 ಲಕ್ಷಕ್ಕೆ 13 ವರ್ಷ ಮೇಲಾಯ್ತು! ಇದಕ್ಕೆ ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ.

ತೆರಿಗೆಯಲ್ಲೂ ಹೈಬ್ರಿಡ್‌ಗೆ ಇವಿಯಷ್ಟು ರಿಯಾಯಿತಿ ಇಲ್ಲ. ಸೆಪ್ಟೆಂಬರ್ 2025ರ ಬದಲಾವಣೆಯ ನಂತರ 4 ಮೀಟರ್‌ಗಿಂತ ಉದ್ದದ ಹೈಬ್ರಿಡ್ ಕಾರಿಗೆ ಜಿಎಸ್‌ಟಿ ಶೇ. 40, ಎಲೆಕ್ಟ್ರಿಕ್ ಕಾರಿಗೆ ಶೇ. 5. ಮನೆಯಲ್ಲಿ ಪಾರ್ಕಿಂಗ್, ಚಾರ್ಜರ್ ಎರಡೂ ಇದ್ದರೆ ಇವಿ ಲೆಕ್ಕವನ್ನೂ ಹಾಕಿ ನೋಡಿ. ಬಾಡಿಗೆ ಮನೆ, ರಸ್ತೆ ಬದಿ ಪಾರ್ಕಿಂಗ್ ಅಂದರೆ, ಪ್ಲಗ್ ಬೇಡದ ಹೈಬ್ರಿಡ್‌ಗೆ ಅರ್ಥವಿದೆ.

ಕೊಳ್ಳುವ ಮುಂಚೆ ಮೂರು ವಿಷಯ ನೋಡಿ. ಡಿಕ್ಕಿ ಜಾಗ: ಬ್ಯಾಟರಿ ಹಿಂದೆ ಇದ್ದರೆ ಸೂಟ್‌ಕೇಸ್‌ಗೆ ಜಾಗ ಕಡಿಮೆ. ಬ್ಯಾಟರಿಯ ಗಾಳಿ ಕಿಂಡಿ: ಎಲ್ಲಿದೆ ಅಂತ ಕೇಳಿ, ಬ್ಯಾಗ್ ಇಟ್ಟು ಮುಚ್ಚಬೇಡಿ. ಬ್ಯಾಟರಿ ವಾರಂಟಿ: ಎಷ್ಟು ವರ್ಷ, ಎಷ್ಟು ಕಿ.ಮೀ. ಅಂತ ಬರಹದಲ್ಲೇ ನೋಡಿ. ಇನ್ನೊಂದು ಮಾತು, ಇದರಲ್ಲಿ ಸಾಮಾನ್ಯ 12 ವೋಲ್ಟ್ ಬ್ಯಾಟರಿಯೂ ಇರುತ್ತೆ. ವಾರಗಟ್ಟಲೆ ಊರಿಗೆ ಹೋಗಿ ಬಂದಾಗ ಕಾರು ಏಳದಿದ್ದರೆ ಮೊದಲು ಅದನ್ನೇ ಚೆಕ್ ಮಾಡಿಸಿ.

ಹಾಗಾಗಿ ಬುಕಿಂಗ್ ದುಡ್ಡು ಕಟ್ಟೋ ಮುಂಚೆ ಒಂದು ವಾರ ನಿಮ್ಮ ಓಡಾಟ ಬರೆದಿಡಿ. ಎಷ್ಟು ಕಿ.ಮೀ. ಸಿಗ್ನಲ್‌ಗಳ ನಡುವೆ, ಎಷ್ಟು ಹೈವೇಯಲ್ಲಿ? ಟೆಸ್ಟ್ ಡ್ರೈವ್‌ನೂ ಭಾನುವಾರದ ಖಾಲಿ ರಸ್ತೆಯಲ್ಲಿ ಬೇಡ, ನಿಮ್ಮ ಆಫೀಸ್ ದಾರಿಯಲ್ಲೇ, ಆಫೀಸ್ ಟೈಮಲ್ಲೇ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.