ಟೆಂಪೋ ಹತ್ತುವ ಅಲಂಕಾರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ, ಪೇಂಟಿಂಗಿಗೆಂದು ಮಾಲೀಕರು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಹಳೆಯ ವಾಡಿಕೆ. ನೀವು ಗೋಡೆಗೆ ಒಂದು ಮೊಳೆ ಹೊಡೆಯದಿದ್ದರೂ ಅಷ್ಟೇ, ಕೈಯಿಂದ ಖರ್ಚು ಮಾಡಿ ಹಾಲಿಗೆ ಹೊಸ ಬಣ್ಣ ಬಳಿಸಿದ್ದರೂ ಅಷ್ಟೇ. ಬಾಡಿಗೆ ಮನೆಯನ್ನು ಕಡಿಮೆ ದುಡ್ಡಿನಲ್ಲಿ ಚಂದ ಮಾಡಿಕೊಳ್ಳಬೇಕು ಅನ್ನುವವರು ಮೊದಲು ಈ ಲೆಕ್ಕ ಹಾಕಬೇಕು. ಗೋಡೆ, ಸೀಲಿಂಗು, ನೆಲಕ್ಕೆ ಸುರಿದ ದುಡ್ಡು ಮಾಲೀಕರಿಗೆ ಸೇರಿತು. ಟೆಂಪೋ ಹತ್ತಿ ಮುಂದಿನ ಮನೆಗೆ ಬರುವ ವಸ್ತುವಿಗೆ ಹಾಕಿದ್ದು ಮಾತ್ರ ನಮ್ಮದು. ವಾಲ್‌ಪೇಪರು, ಫಾಲ್ಸ್ ಸೀಲಿಂಗು, ಅಳತೆಗೆ ಕೂರಿಸಿದ ಟೀವಿ ಯೂನಿಟ್ಟು ಇವೆಲ್ಲ ಇಲ್ಲಿಗೇ ಪಟ್ಟಿಯಿಂದ ಹೊರಗೆ. ಉಳಿಯುವುದು ಬೆಳಕು, ಬಟ್ಟೆ, ಮರ. ನನ್ನನ್ನು ಕೇಳಿದರೆ ದುಡ್ಡು ಬಿಚ್ಚಬೇಕಾದ ಕ್ರಮವೂ ಅದೇ.

ಬೆಳಕು ಮೊದಲು ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗ, ವ್ಯತ್ಯಾಸ ಅದೇ ಸಂಜೆ ಕಾಣುತ್ತದೆ. ಬಾಡಿಗೆ ಮನೆಯ ಹಾಲಿನಲ್ಲಿ ಸಾಮಾನ್ಯವಾಗಿ ಇರುವುದು ಗೋಡೆಯ ಮೇಲ್ತುದಿಗೆ ಬಡಿದ ಒಂದೇ ಒಂದು ಟ್ಯೂಬ್‌ಲೈಟು. ಅದರ ಬೆಳಕು ಮೂಲೆಮೂಲೆಗೂ ಒಂದೇ ಸಮ ಬಿದ್ದು ನೆರಳೆಂಬುದೇ ಇಲ್ಲದ ಕಾರಣ ಸೋಫಾ, ಪರದೆ, ಬಂದ ನೆಂಟರ ಮುಖ ಎಲ್ಲವೂ ಚಪ್ಪಟೆಯಾಗಿ ಕಾಣುತ್ತವೆ. ದುಬಾರಿ ಸೋಫಾ ತಂದರೂ ಆ ಬೆಳಕಿನಲ್ಲಿ ಅದಕ್ಕೆ ಕಳೆ ಬರುವುದಿಲ್ಲ.

ಎಲ್‌ಇಡಿ ಬಲ್ಬಿನ ಡಬ್ಬಿಯನ್ನು ತಿರುಗಿಸಿ ನೋಡಿ. ಅಲ್ಲಿ ವ್ಯಾಟ್ ಜೊತೆಗೆ ಇನ್ನೂ ಎರಡು ಅಂಕಿ ಇರುತ್ತವೆ. ಲ್ಯೂಮೆನ್ ಅಂದರೆ ಎಷ್ಟು ಬೆಳಕು ಅನ್ನುವುದು, ಕೆಲ್ವಿನ್ ಅಂದರೆ ಆ ಬೆಳಕಿನ ಬಣ್ಣ ಯಾವುದು ಅನ್ನುವುದು. ಅಂಗಡಿಯವರು ಕೇಳದೆಯೇ ಕೊಡುವುದು 6500 ಕೆಲ್ವಿನ್‌ನ ‘ಕೂಲ್ ಡೇಲೈಟ್’, ನೀಲಿ ಛಾಯೆಯ ಬಿಳಿ. ಹಾಲಿಗೂ ಮಲಗುವ ಕೋಣೆಗೂ ಬೇಕಾದದ್ದು 2700ರಿಂದ 3000 ಕೆಲ್ವಿನ್‌ನ ‘ವಾರ್ಮ್ ವೈಟ್’, ಹಳೆಯ ತಂತಿ ಬಲ್ಬಿನ ಹಳದಿ. ಅಡುಗೆಮನೆಗೆ, ಮಕ್ಕಳು ಓದುವ ಮೇಜಿಗೆ ಬಿಳಿಯೇ ಇರಲಿ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಹಳದಿ ಬೆಳಕಿನ ಸೊಗಸು ಯಾರಿಗೂ ಬೇಡ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಬರೆದಿದ್ದರೆ 80ಕ್ಕಿಂತ ಕಡಿಮೆ ಇರುವುದನ್ನು ಬಿಡಿ, 90 ಇದ್ದರೆ ಒಳ್ಳೆಯದು. ಬಟ್ಟೆಯ, ಮರದ, ಮೈಯ ನಿಜವಾದ ಬಣ್ಣ ಎಷ್ಟರಮಟ್ಟಿಗೆ ಕಾಣುತ್ತದೆ ಅನ್ನುವುದನ್ನು ಅದು ಹೇಳುತ್ತದೆ.

ಇನ್ನು ಜಾಗ. ಟ್ಯೂಬ್‌ಲೈಟನ್ನು ಕಸ ಗುಡಿಸುವಾಗ, ಕಳೆದ ಕಿವಿಯೋಲೆ ಹುಡುಕುವಾಗ ಹಾಕಿಕೊಳ್ಳಿ. ಸಂಜೆಗೆ ಎರಡು ಮೂರು ಸಣ್ಣ ದೀಪ ಸಾಕು: ಒಂದು ಸೋಫಾದ ಪಕ್ಕ, ಒಂದು ಪುಸ್ತಕದ ಕಪಾಟಿನ ಮೇಲೆ, ಒಂದು ಊಟದ ಮೇಜಿನ ಕಡೆ. ಬೆಳಕು ಕೂತವರ ಕಣ್ಣಿನ ಮಟ್ಟಕ್ಕೆ ಇಳಿದರೆ ಅದೇ ಕೋಣೆ ಬೇರೆಯಾಗಿ ಕಾಣುತ್ತದೆ. 9 ವ್ಯಾಟಿನ ಮೂರು ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು 4 ಯೂನಿಟ್, ಬಿಲ್ಲಿಗೆ ಹೆದರಬೇಕಿಲ್ಲ.

ದೀಪಕ್ಕೆ ಶೇಡು ಬೇಕಲ್ಲ. ಅಲಂಕಾರದ ಮಳಿಗೆಗಳಲ್ಲಿ ಬಿದಿರು ಹೆಣೆದ ಶೇಡುಗಳಿಗೆ ಸಾವಿರಗಟ್ಟಲೆ ಹೇಳುತ್ತಾರೆ. ಅದೇ ಹೆಣಿಗೆಯ ಬುಟ್ಟಿಯನ್ನು ಮೇದರು ತಲೆತಲಾಂತರದಿಂದ ಮಾಡುತ್ತಾ ಬಂದಿದ್ದಾರೆ. ಬೆಂಗಳೂರಿನ ಬಂಬೂ ಬಜಾರಿನಲ್ಲಿ, ನಮ್ಮ ಎಷ್ಟೋ ಊರುಗಳ ಮೇದರ ಕೇರಿಗಳಲ್ಲಿ ಸಿಗುತ್ತದೆ. ಬಿಗಿ ಹೆಣಿಗೆಯದ್ದಲ್ಲ, ಕಣ್ಣು ಕಣ್ಣಾಗಿ ಬಿಟ್ಟಿರುವ ಬುಟ್ಟಿ ಆರಿಸಿ. ತಳದಲ್ಲಿ ಹೋಲ್ಡರ್ ತೂರುವಷ್ಟು ತೂತು ಮಾಡಿಸಿ ಬೋರಲು ಹಾಕಿ ಇಳಿಬಿಟ್ಟರೆ ಗೋಡೆಯ ಮೇಲೆಲ್ಲ ಹೆಣಿಗೆಯ ನೆರಳು ಬೀಳುತ್ತದೆ. ಹಳೆಯ ತಂತಿ ಬಲ್ಬಿಗೆ ಇದು ಅಪಾಯ, ಬಿದಿರು ಸುಟ್ಟೀತು. ಎಲ್‌ಇಡಿ ಅಷ್ಟು ಕಾಯುವುದಿಲ್ಲ. ಆದರೂ 9 ವ್ಯಾಟ್ ದಾಟಬೇಡಿ, ಬಲ್ಬು ಬಿದಿರಿಗೆ ತಾಗದಿರಲಿ, ಬಿಸಿ ಹೋಗಲು ಮೇಲೆ ಸಂದು ಇರಲಿ. ವೈರು, ಹೋಲ್ಡರು ಮಾತ್ರ ಐಎಸ್‌ಐ ಗುರುತಿನದ್ದೇ ಬೇಕು, ಅಲ್ಲಿ ಉಳಿತಾಯದ ಮಾತು ಬೇಡ.

ಬಟ್ಟೆಯ ವಿಷಯಕ್ಕೆ ಬಂದರೆ, ಪರದೆ ಬಡಕಲಾಗಿ ಕಾಣುವುದಕ್ಕೆ ಬಟ್ಟೆ ಅಗ್ಗದ್ದು ಅನ್ನುವುದು ಕಾರಣ ಅಲ್ಲ, ಅಗಲ ಸಾಲದು ಅನ್ನುವುದು ಕಾರಣ. ಕಿಟಕಿ 4 ಅಡಿ ಇದ್ದರೆ ಬಟ್ಟೆ ಹೆಚ್ಚುಕಡಿಮೆ 8 ಅಡಿ ಅಗಲ ಇರಬೇಕು, ಆಗಲೇ ನೆರಿಗೆ ನಿಲ್ಲುತ್ತದೆ. ಇನ್ನೊಂದು, ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗೆ ಅಂಟಿಸಿದ ಹಾಗೆ ಹಾಕದೆ ಒಂದು ಗೇಣು ಮೇಲೆ ಹಾಕಿ, ಬಟ್ಟೆಯನ್ನು ನೆಲದವರೆಗೆ ಬಿಡುವುದು. ಗಿಡ್ಡ ಸೀಲಿಂಗಿನ ಮನೆಯೂ ಎತ್ತರ ಕಾಣುತ್ತದೆ.

ಈ ಅಗಲಕ್ಕೆ ಸರಿಯಾಗಿ ಹೊಂದುವ ಬಟ್ಟೆ ನಿಮ್ಮ ಬೀರುವಿನಲ್ಲೇ ಇರಬಹುದು. ಅಮ್ಮನದೋ ಅತ್ತೆಯದೋ ಹಳೆಯ ಇಳಕಲ್ ಸೀರೆ ಇದ್ದರೆ ಲೆಕ್ಕ ಹಾಕಿ ನೋಡಿ. ಆರು ಗಜದ ಸೀರೆ 216 ಇಂಚು ಉದ್ದ, ಅಗಲ ಸುಮಾರು 45 ಇಂಚು. ಸರಳಿನಿಂದ ನೆಲಕ್ಕೆ 7 ಅಡಿ, ಅಂದರೆ 84 ಇಂಚು. ಮೇಲಿನ ಮಡಿಕೆಗೆ 4, ಕೆಳಗಿನದಕ್ಕೆ 4 ಸೇರಿ 92. ಎರಡು ತುಂಡಿಗೆ 184 ಹೋದರೆ 32 ಇಂಚು ಉಳಿಯುತ್ತದೆ. ಉಳಿದದ್ದರಲ್ಲಿ ಸೆರಗು ಬರುವಂತೆ ಕತ್ತರಿಸಿ. ಇಳಕಲ್‌ನ ‘ಟೋಪ್ ತೆನಿ’ ಅನ್ನುವ ಆ ಕೆಂಪು ಬಿಳುಪಿನ ಸೆರಗನ್ನು ಪರದೆಯ ಬುಡದಲ್ಲಿ ಹಾಳು ಮಾಡಬಾರದು, ಅದು ದಿಂಬಿನ ಕವರಿಗೆ. ಎರಡು ತುಂಡು ಸೇರಿ 90 ಇಂಚು ಅಗಲ, ಅಂದರೆ ಏಳೂವರೆ ಅಡಿ, 4 ಅಡಿಯ ಕಿಟಕಿಗೆ ಸಾಕು. ಸೀರೆಯ ಅಂಚು ಉದ್ದಕ್ಕೆ ಇರುವುದರಿಂದ ಪರದೆಯ ಎರಡೂ ಪಕ್ಕದಲ್ಲಿ ಅದು ತಾನಾಗಿ ಪಟ್ಟಿಯಾಗಿ ಇಳಿಯುತ್ತದೆ, ದರ್ಜಿಗೆ ಬೇರೆ ಕೆಲಸ ಇಲ್ಲ.

ಹತ್ತಿಯ ಒಡಲು ಬಿಸಿಲು ತಡೆದೀತು, ರೇಷ್ಮೆ ಅಂಚು ಬೇಗ ಜೀರ್ಣವಾಗುತ್ತದೆ. ಪಡುವಣ ಕಿಟಕಿಯಾದರೆ ಹಿಂದೆ ಹಳೆಯ ಪಂಚೆಯ ಅಸ್ತರು ಕೊಡಿಸಿ. ಸೀರೆಯ ಬದಲು ಚಿಕ್ಕಪೇಟೆಯಲ್ಲೋ ಖಾದಿ ಭಂಡಾರದಲ್ಲೋ ಹೊಸ ಹತ್ತಿ ಬಟ್ಟೆ ತಂದರೆ ಹೊಲಿಸುವ ಮುಂಚೆ ಒಮ್ಮೆ ನೀರಿಗೆ ಹಾಕಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪರದೆ ಗಿಡ್ಡವಾಗಿ ಕಣಕಾಲು ತೋರಿಸುತ್ತದೆ. ಗುಳೇದಗುಡ್ಡದ ಖಣದ ಅಗಲ ಕಿರಿದು, ಪರದೆಗೆ ಆಗುವುದಿಲ್ಲ. ದಿಂಬಿಗೆ, ಮೇಜಿನ ಪಟ್ಟಿಗೆ ಅದನ್ನು ಮೀರಿಸಿದ ಬಟ್ಟೆ ಇಲ್ಲ.

ಕೋಣೆಗೆ ಯಾವ ಯಾವ ಬಣ್ಣ ಸೇರಿಸಬೇಕು ಎಂಬ ಪೇಚಾಟಕ್ಕೂ ಸೀರೆಯಲ್ಲೇ ಉತ್ತರ ಇದೆ. ದಾಳಿಂಬೆ ಕೆಂಪು ಒಡಲಿಗೆ ಎಂಥ ಅಂಚು, ನವಿಲು ಹಸಿರಿಗೆ ಎಂಥ ಸೆರಗು ಎಂದು ನೇಕಾರರು ತಲೆಮಾರುಗಳಿಂದ ತೂಗಿ ನೋಡಿದ್ದಾರೆ. ಒಡಲಿನ ಬಣ್ಣ ಹೆಚ್ಚಾಗಿ, ಅಂಚಿನದು ಸ್ವಲ್ಪ, ಸೆರಗಿನದು ಒಂದೆರಡು ಕಡೆ ಮಾತ್ರ. ಸೀರೆಯಲ್ಲಿ ಇರುವ ಈ ಪ್ರಮಾಣವನ್ನೇ ಕೋಣೆಗೂ ಇಟ್ಟುಕೊಂಡರೆ ಎಡವುವ ಸಂಭವ ಕಡಿಮೆ.

ನೆಲಕ್ಕೆ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ, ಪಗಡೆ ಹಾಸು, ನವಿಲಿನ ಚಿತ್ತಾರಗಳಿಗೆ ಹೆಸರಾದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಇದು ತೀರಾ ಅಗ್ಗದ ಮಾಲಲ್ಲ, ಆದರೆ ಕಾರ್ಪೆಟ್ಟಿನ ಹಾಗೆ ರೋಮ ಇಲ್ಲದ್ದರಿಂದ ಅಷ್ಟಾಗಿ ದೂಳು ಕೂರುವುದಿಲ್ಲ. ಟೆರೇಸಿಗೆ ಒಯ್ದು ಕೊಡವಿ ಸುತ್ತಿಟ್ಟರೆ ಆಯಿತು. ಹಾಸುವಾಗ ಸೋಫಾದ ಮುಂಗಾಲುಗಳು ಅದರ ಮೇಲೆ ಬರಲಿ. ಕೋಣೆಯ ನಡುವೆ ಒಂಟಿಯಾಗಿ ಬಿದ್ದ ಪುಟ್ಟ ಹಾಸು ಇರುವ ಜಾಗವನ್ನೂ ಚಿಕ್ಕದಾಗಿ ತೋರಿಸುತ್ತದೆ.

ಇನ್ನು ಮರ. ಹೆಚ್ಚು ದುಡ್ಡು ಕೈಬಿಡುವುದೂ, ಹೆಚ್ಚು ಮೋಸ ಹೋಗುವುದೂ ಇಲ್ಲೇ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಕಪಾಟು, ಮೇಜುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ನೋಡಲು ಚೆನ್ನ. ತೊಂದರೆ ಎರಡು. ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನೆಲ ಒರೆಸುವ ನಮ್ಮ ಮನೆಗಳಲ್ಲಿ ಕಾಲಿನ ಬುಡವೇ ಮೊದಲು ಹೋಗುತ್ತದೆ. ಎರಡನೆಯದಾಗಿ, ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿ ಹಿಡಿಯುವುದಿಲ್ಲ. ಮನೆ ಬದಲಿಸಲು ಬಿಚ್ಚಿ ಜೋಡಿಸಿದ ಕಪಾಟು ವಾಲುವುದು ಇದಕ್ಕೇ. ಅದರ ಬದಲು ಗುಜರಿಯಲ್ಲಿ, ಹಳೆಯ ಪೀಠೋಪಕರಣದ ಅಂಗಡಿಯಲ್ಲಿ, ಕೆಡವುತ್ತಿರುವ ಹಳೆಯ ಮನೆಯ ಮುಂದೆ ಒಂದೇ ಒಂದು ಗಟ್ಟಿ ಮರದ ವಸ್ತು ಹುಡುಕಿ. ಇಡೀ ಮನೆಗೆ ಒಂದಿದ್ದರೂ ಸಾಕು, ಉಳಿದದ್ದು ಸಾಧಾರಣವಾಗಿದ್ದರೂ ನಡೆಯುತ್ತದೆ.

ಗಟ್ಟಿ ಮರವೋ ಮೇಲೆ ಅಂಟಿಸಿದ ಹಾಳೆಯೋ ಅಂತ ತಿಳಿಯಲು ಮೇಲ್ಮೈಯ ಗೆರೆಗಳು ಅಂಚಿಗೆ ಬಂದಾಗ ಏನಾಗುತ್ತವೆ ನೋಡಿ. ಮರವಾದರೆ ಗೆರೆ ಅಂಚಿನಲ್ಲಿ ತಿರುಗಿ ಮುಂದುವರಿಯುತ್ತದೆ, ಹಾಳೆಯಾದರೆ ಅಲ್ಲೇ ತುಂಡಾಗುತ್ತದೆ. ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆ ನೋಡಿ: ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿದ್ದರೆ ಒಳ್ಳೆಯ ಬಡಗಿಯ ಕೆಲಸ, ಮೊಳೆ ಮಾತ್ರ ಹೊಡೆದಿದ್ದರೆ ಬೆಲೆ ಇಳಿಸಿ ಕೇಳಿ. ಹಸಿರು ಎನಾಮೆಲ್ ಬಳಿದ ಎಷ್ಟೋ ಹಳೆಯ ಕಪಾಟುಗಳ ಅಡಿಯಲ್ಲಿ ತೇಗವೋ ಹಲಸೋ ಇರುತ್ತದೆ. ಕಾಣದ ಜಾಗದಲ್ಲಿ ಉಗುರಿನಷ್ಟು ಕೆರೆಯಲು ಬಿಡಿ ಎಂದು ಕೇಳಿದರೆ ಪ್ರಾಮಾಣಿಕ ಅಂಗಡಿಯವರು ಬೇಡ ಅನ್ನುವುದಿಲ್ಲ.

ಆಮೇಲೆ ಹುಳು. ಗೆದ್ದಲು ಹಿಡಿದಿದ್ದರೆ ಕಾಲಿನ ಬುಡದಲ್ಲಿ ಮಣ್ಣಿನ ಗೆರೆ ಇರುತ್ತದೆ, ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಒಳಗೆ ತರಬೇಡಿ. ಕುಟ್ಟೆ ಹುಳದ ಗುರುತು ಬೇರೆ: ಗುಂಡುಸೂಜಿಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ, ಹಿಂದೆಂದೋ ತಿಂದು ಹೋಗಿರಬಹುದು. ಕೆಳಗೆ ಬಿಳಿ ಹಾಳೆ ಹಾಸಿ ಜೋರಾಗಿ ನಾಲ್ಕು ಸಲ ತಟ್ಟಿ. ತಿಳಿ ಬಣ್ಣದ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿರುವ ಸಾಧ್ಯತೆಯೇ ಹೆಚ್ಚು.

ಪಾಲಿಶಿನ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣದಾಗಿ ಉಜ್ಜಿ ದೂಳೆಬ್ಬಿಸಬೇಡಿ. ಬಣ್ಣ ಕರಗಿಸುವ ದ್ರವ ಹಚ್ಚಿ ಕೆರೆಯಿರಿ, ಮೂಗು ಬಾಯಿಗೆ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬರದಿರಲಿ. ಬರಿ ಮರ ಕಂಡ ಮೇಲೆ 80, 120, 220 ನಂಬರಿನ ಉಪ್ಪು ಕಾಗದ, ಅದೇ ಕ್ರಮದಲ್ಲಿ, ಗೆರೆಯ ಉದ್ದಕ್ಕೆ ಮಾತ್ರ. ಅಡ್ಡ ಉಜ್ಜಿದ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಬಳಿಕ ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹತ್ತಿ ಉಂಡೆಯಲ್ಲಿ ತೆಳುವಾಗಿ, ಪದರದ ಮೇಲೆ ಪದರ ಹಚ್ಚುವುದು. ಚನ್ನಪಟ್ಟಣದವರು ತಿರುಗುವ ಹಾಲೆ ಮರದ ಬೊಂಬೆಗೆ ಒತ್ತಿ ಹಿಡಿದು, ಉಜ್ಜಿದ ಬಿಸಿಗೇ ಕರಗಿಸಿ ಬಳಿಯುವುದೂ ಇದೇ ಅರಗು. ಒಂದು ಎಚ್ಚರಿಕೆ, ಅರಗಿನ ಪಾಲಿಶಿನ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಊಟದ ಮೇಜಿಗೆ ಅಗಸೆ ಎಣ್ಣೆ ವಾಸಿ. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಲ್ಲಿ ಒಣಹಾಕಿ.

ಗೋಡೆಗೆ ಏನೂ ಬೇಡವೇ ಅಂದರೆ, ಇರುವ ಮೊಳೆಗೆ ಒಂದು ಒಳ್ಳೆಯ ಚಿತ್ರ ಸಾಕು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರ ಈಗ ಚೌಕಟ್ಟಿಗೆ ಹಾಕುವ ಹಾಗೆಯೂ ಸಿಗುತ್ತದೆ. ನೆಲದ ಮೇಲೆ ಕೂತು ಹರಟುವ ಮನೆಯಾದರೆ ಚಿತ್ರವನ್ನು ನಿಂತವರ ಕಣ್ಣಿನ ಮಟ್ಟಕ್ಕಿಂತ ಕೆಳಗೇ ತೂಗುಹಾಕಿ. ಮೊಳೆ ಬೇಡವೆಂದು ಅಂಟುಪಟ್ಟಿ ತರುವ ಮುಂಚೆ ಗೋಡೆಯನ್ನು ಅಂಗೈಯಿಂದ ಉಜ್ಜಿ. ಸುಣ್ಣದ ಪುಡಿ ಕೈಗೆ ಹತ್ತಿದರೆ ಯಾವ ಅಂಟೂ ನಿಲ್ಲುವುದಿಲ್ಲ.

ಆಷಾಢದಲ್ಲಿ ನಮ್ಮಲ್ಲಿ ಮನೆ ಬದಲಿಸುವವರು ಕಡಿಮೆ. ಅದಕ್ಕೆ ಮುಂಚೆ ಮತ್ತು ಶ್ರಾವಣ ಹುಟ್ಟಿದ ಮೇಲೆ ಹಳೆಯ ಸಾಮಾನು ಕೈಬದಲಾಗುವುದು ಹೆಚ್ಚು, ಹುಡುಕಾಟಕ್ಕೆ ಆ ದಿನಗಳು ಒಳ್ಳೆಯವು. ಹೋಗುವಾಗ ಇಂಚು ಟೇಪು, ಟಾರ್ಚು, ಒಂದು ಬಿಳಿ ಹಾಳೆ ಜೊತೆಗಿರಲಿ. ಮನೆ ಬಿಡುವ ಮುಂಚೆ ಮುಂಬಾಗಿಲ ಅಗಲವನ್ನೂ ಮೆಟ್ಟಿಲು ತಿರುಗುವ ಜಾಗವನ್ನೂ ಅಳೆದು ಬರೆದುಕೊಳ್ಳಿ. ಹಳೆಯ ಕಪಾಟುಗಳಲ್ಲಿ ಹಲವು ಬಿಚ್ಚಲು ಬರುವುದಿಲ್ಲ.