ಮಗುವಿನ ತೂಕವೂ ಮನೆಯ ರಾಗಿಯೂ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವಾಗ ಮಳೆಯನ್ನೇ ನಂಬಿದ ಅನೇಕ ಹೊಲಗಳು ಕಾಣುತ್ತವೆ. ಮಳೆ ತಪ್ಪಿದ ವರ್ಷ ಇಲ್ಲಿಯ ಮನೆಯೊಂದರಲ್ಲಿ ಆಹಾರ ಸಾಲದಾಯಿತೆಂಬುದನ್ನು ಹೊರಗಿನವರು ಅರಿಯುವುದು ಹೇಗೆ? ಕೇಳಿ ತಿಳಿಯಬಹುದು. ಊಟವನ್ನು ಕಡಿಮೆ ಮಾಡಬೇಕಾಯಿತೆ, ಇಡೀ ದಿನ ಉಪವಾಸವಿರಬೇಕಾಯಿತೆ ಎಂಬ ಬಗೆಯ ಎಂಟು ಪ್ರಶ್ನೆಗಳ ಮಾನವೊಂದನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ರೂಪಿಸಿದೆ. ಆದರೆ ಮಾನವಂತರು ಇಂತಹ ಪ್ರಶ್ನೆಗೆ ಉತ್ತರ ಕೊಡಲು ಹಿಂಜರಿಯುವುದುಂಟು. ಕೇಳದೆಯೇ ಹೇಳುವ ಇನ್ನೊಂದು ಉಪಕರಣ ಅಂಗನವಾಡಿಯಲ್ಲಿದೆ. ಅದು ತಕ್ಕಡಿ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದುದು ಇಲ್ಲಿಗೆ ದೂರವಲ್ಲದ ತಿರುಮಕೂಡಲು ನರಸೀಪುರ. ಅಂದಿನಿಂದ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವುದು ಅಂಗನವಾಡಿಯ ಕೆಲಸಗಳಲ್ಲೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 33 ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಕೋಷ್ಟಕದಂತೆ ಗಂಡುಮಗುವಿನ ಮಧ್ಯಮ ತೂಕ ಒಂಬತ್ತನೆಯ ತಿಂಗಳಿಗೆ 8.9 ಕಿಲೋಗ್ರಾಂ, ವರ್ಷ ತುಂಬಿದಾಗ 9.6. ಹೆಣ್ಣುಮಗುವಿನದು 8.2 ಮತ್ತು 8.9. ಮೂರು ತಿಂಗಳಿಗೆ 700 ಗ್ರಾಂ, ಅಂದರೆ ದಿನಕ್ಕೆ ಎಂಟು ಗ್ರಾಂ! ಒಂದು ಗ್ರಾಂ ಹೊಸ ಮೈ ಕಟ್ಟಲು 5 ಕಿಲೋಕ್ಯಾಲರಿ ಬೇಕೆಂದು ಧಾರಾಳವಾಗಿಯೇ ಇಟ್ಟುಕೊಂಡರೂ ದಿನದ ಬೆಳವಣಿಗೆಗೆ ತಗಲುವುದು 40 ಕಿಲೋಕ್ಯಾಲರಿ. ಶಕ್ತಿಯ ದೃಷ್ಟಿಯಿಂದ ಇದು ಹನ್ನೆರಡು ಹದಿಮೂರು ಗ್ರಾಂ ರಾಗಿ ಹಿಟ್ಟಿಗೆ ಸಮ. ಆ ವಯಸ್ಸಿನ ಮಗುವಿಗೆ ದಿನವೊಂದಕ್ಕೆ ಬೇಕಾಗುವ ಸುಮಾರು 700 ಕಿಲೋಕ್ಯಾಲರಿಗಳಲ್ಲಿ ಇದು ಇಪ್ಪತ್ತರಲ್ಲೊಂದು ಪಾಲಿನಷ್ಟು. ಉಳಿದುದೆಲ್ಲ ಹೃದಯದ ಬಡಿತ, ಉಸಿರಾಟ, ಮೈಯ ಶಾಖ, ಆಟಗಳಿಗೆ ವೆಚ್ಚವಾಗುತ್ತದೆ. ಹೃದಯ, ಉಸಿರುಗಳ ಪಾಲನ್ನು ಬಹಳವಾಗಿ ಕಡಿಯುವಂತಿಲ್ಲ. ಆದಾಯ ಕುಗ್ಗಿದ ಸಂಸಾರ ಮೊದಲು ಉಳಿತಾಯವನ್ನು ನಿಲ್ಲಿಸುವಂತೆ ದೇಹವೂ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಆಟವನ್ನು ಕಡಿಮೆ ಮಾಡುತ್ತದೆ.

ಹೀಗಿದ್ದರೂ ಮನೆಯ ಕೊರತೆ ಒಮ್ಮೆಲೇ ಮಗುವನ್ನು ಮುಟ್ಟುವುದಿಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲು ಅದನ್ನು ಕಾಯುತ್ತದೆ. ಅನಂತರವೂ ದೊಡ್ಡವರು, ಅದರಲ್ಲಿಯೂ ತಾಯಿ, ತಮ್ಮ ಮುದ್ದೆಯನ್ನು ಚಿಕ್ಕದು ಮಾಡಿಕೊಂಡು ಮಗುವಿಗೆ ಉಣಿಸುವುದೇ ಹೆಚ್ಚು. ಹಾಗೆ ಕಾಪಾಡುತ್ತಿದ್ದ ಮನೆಯಲ್ಲಿ ಕೊರತೆಯಿಂದಲೇ ಮಗುವಿನ ತೂಕ ನಿಂತಿತೆಂದರೆ, ಆ ಕೊರತೆ ಅದಕ್ಕೆ ಮೊದಲೇ ತಾಯಿಯ ತಟ್ಟೆಯನ್ನು ಹಾದು ಬಂದಿರುತ್ತದೆ.

ಮಗುವಿನ ಬಟ್ಟಲಿಗೆ ಅದು ಬರುವುದು ನೀರಿನ ರೂಪದಲ್ಲಿ. ಶಿಶುವಿನ ಹೊಟ್ಟೆ ಕಿಲೋಗ್ರಾಂ ತೂಕಕ್ಕೆ ಸುಮಾರು 30 ಮಿಲಿಲೀಟರಿನಂತೆ, ಒಟ್ಟು ಕಾಲು ಲೀಟರಿನಷ್ಟನ್ನು ಹಿಡಿಯುತ್ತದೆ. ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಹಿಟ್ಟು ಹಾಕಿದ ಗಂಜಿಯಾದರೆ ಹೊಟ್ಟೆತುಂಬ ಕುಡಿದಾಗ 80 ಕಿಲೋಕ್ಯಾಲರಿ ದೊರೆಯುತ್ತದೆ. ಐದೇ ಗ್ರಾಂ ಹಾಕಿದರೆ 40. ಹೊಟ್ಟೆ ಎರಡರಲ್ಲಿಯೂ ತುಂಬುತ್ತದೆ, ಅಳುವೂ ನಿಲ್ಲುತ್ತದೆ. ದಿನಕ್ಕೆ ಮೂರು ಸಲವೆಂದರೆ ವ್ಯತ್ಯಾಸ 120 ಕಿಲೋಕ್ಯಾಲರಿ, ಬೆಳವಣಿಗೆಯ ವೆಚ್ಚದ ಮೂರರಷ್ಟು! ಒಂಬತ್ತರಿಂದ ಹನ್ನೊಂದು ತಿಂಗಳವರೆಗೆ ತಾಯಿಯ ಹಾಲಲ್ಲದೆ ದಿನಕ್ಕೆ ಸುಮಾರು 300 ಕಿಲೋಕ್ಯಾಲರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಿಟ್ಟನ್ನು ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಮನೆಯಲ್ಲಿ ಹಿಟ್ಟಿದ್ದರೂ ಇಲ್ಲೊಂದು ತೊಡಕಿದೆ, ಅದು ಭೌತವಿಜ್ಞಾನದ್ದು. ಬೇಯಿಸಿದಾಗ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬುವುದರಿಂದ ಗಂಜಿಯ ಸ್ನಿಗ್ಧತೆ ಏರಿ, ಹಲ್ಲಿಲ್ಲದ ಮಗು ಅದನ್ನು ನುಂಗಲಾರದು. ನಮ್ಮ ಅಜ್ಜಿಯರ ರಾಗಿ ಸರಿ ಇದಕ್ಕೆ ಉಪಾಯವನ್ನು ಕಂಡಿತ್ತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುತ್ತಾರೆ. ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಸರಪಣಿಗಳನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಬಹಳ ಹುರಿದರೆ ಕಿಣ್ವ ನಾಶವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳುಗಳಿಂದ ಇಂತಹ ಶಿಶು ಆಹಾರವನ್ನು ರೂಪಿಸಿ ವರದಿ ಮಾಡಿದರು. ರಾಗಿಯೇ ತೀರಿದ ಮನೆಗೆ ಮಾತ್ರ ಯಾವ ಕಿಣ್ವವೂ ನೆರವಾಗದು.

ಮತ್ತೆ ತಕ್ಕಡಿಗೆ ಬರೋಣ. ಅಂಗನವಾಡಿಗಳಲ್ಲಿ ಬಹುಕಾಲ ಬಳಸಿದ, 25 ಕಿಲೋಗ್ರಾಂವರೆಗೆ ತೂಗುವ ಸ್ಪ್ರಿಂಗ್ ತಕ್ಕಡಿಯು ವಿದ್ಯಾರ್ಥಿಗಳು ಹುಕ್‌ನ ನಿಯಮಕ್ಕಾಗಿ ಬಳಸುವ ಉಪಕರಣದ ಅಣ್ಣನೇ ಸರಿ. ಅದರ ಒಂದೊಂದು ಗೆರೆ 100 ಗ್ರಾಂ. ಎರಡನೆಯ ವರ್ಷದಲ್ಲಿ ಮಗು ತಿಂಗಳಿಗೆ ಏರುವುದು ಹೆಚ್ಚುಕಡಿಮೆ 200 ಗ್ರಾಂ. ತೂಗುವ ಮುನ್ನ ಕುಡಿದ ಒಂದು ಲೋಟ ಗಂಜಿಯ ತೂಕವೂ ಅಷ್ಟೇ! ಆದಕಾರಣ ಒಂದೇ ತಿಂಗಳ ಅಂಕಿಯಿಂದ ತೀರ್ಮಾನಿಸುವುದು ಸಲ್ಲದು. ವಿದ್ಯುನ್ಮಾನ ತಕ್ಕಡಿಯಿದ್ದರೂ ಲೋಟದ ಗಂಜಿ ಗಂಜಿಯೇ. ಎರಡು ಮೂರು ತಿಂಗಳ ಚುಕ್ಕೆಗಳನ್ನು ಸೇರಿಸಿ ರೇಖೆಯ ಇಳಿಜಾರನ್ನು ನೋಡಬೇಕು. ಅದು ಚಪ್ಪಟೆಯಾಗಿದ್ದರೆ ಮೊದಲು ಜ್ವರ, ಭೇದಿಗಳನ್ನು ವಿಚಾರಿಸಬೇಕು. ಅವಿಲ್ಲವೆಂದಾದರೆ ಗಂಜಿಗೆ ಹಾಕಿದ ಹಿಟ್ಟೆಷ್ಟು, ಹಿಂದಿನ ರಾತ್ರಿ ತಾಯಿ ಉಂಡುದೇನು ಎಂಬುದನ್ನು.