ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು: ಕಂಬಂ ಕಣಿವೆಯ ನಮ್ಮವರು

ಕುಮಳಿಯಿಂದ ಘಟ್ಟವಿಳಿದರೆ ಕಂಬಂ ಕಣಿವೆ. ದ್ರಾಕ್ಷಿಯ ಚಪ್ಪರ, ತೆಂಗು, ಭತ್ತದ ಗದ್ದೆ. ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದ ಪೆರಿಯಾರಿನ ನೀರು 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಜಿನಿಯರರು ಕಟ್ಟಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದಾಗಿ ಬೆಟ್ಟದ ಸುರಂಗ ಹೊಕ್ಕು ಪೂರ್ವಕ್ಕೆ ತಿರುಗಿತು. ಈ ಹಸಿರು ಅದರ ಫಲ. ಆ ಅಣೆಕಟ್ಟಿನ ಬಗ್ಗೆ ಕೇರಳ-ತಮಿಳುನಾಡುಗಳೊಳಗೆ ನಡೆದ ವ್ಯಾಜ್ಯವನ್ನು ಪತ್ರಿಕೆ ಓದುವ ಎಲ್ಲರೂ ಬಲ್ಲರು. ಆದರೆ ಆ ನೀರಿನಿಂದ ಬೇಸಾಯ ಮಾಡುವವರಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಸಂಸಾರಗಳೂ ಇವೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಅವರಲ್ಲಿ ಕಪ್ಪಿಲಿಯರೆಂಬವರಿದ್ದಾರೆ, ಒಕ್ಕಲಿಗರಿದ್ದಾರೆ. ದಿಂಡುಗಲ್ಲಿನ ಕಡೆಗೆ ಅನುಪ್ಪರೆಂಬವರೂ ಇದ್ದಾರೆ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ದಕ್ಷಿಣಕ್ಕೆ ಬಂದವರು ತಾವೆಂಬುದು ಅವರ ಪರಂಪರೆಯ ಮಾತು. ಕಂಬದಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ದೊಡ್ಡಿಯೊಂದಿದೆ. ಅಲ್ಲಿನ ದನಗಳೇ ದೇವರ ಸೊತ್ತು. ಆ ಮಂದೆಗೊಂದು ಪಟ್ಟದ ಹೋರಿ. ಕರುಗಳ ಮುಂದೆ ಕಬ್ಬಿನ ಕಟ್ಟನ್ನಿಟ್ಟು, ಮೊದಲು ಬಾಯಿ ಹಾಕಿದ್ದನ್ನು ಪಟ್ಟಕ್ಕೇರಿಸುತ್ತಿದ್ದರೆಂದು ಬ್ರಿಟಿಷರ ಕಾಲದ ಬರಹಗಳು ಹೇಳುತ್ತವೆ. ಇಂದಿನ ಚುನಾವಣೆಗಳಿಗಿಂತ ಅಗ್ಗದ ಕ್ರಮ!

ಮಾತು ಉಳಿದಿದೆ, ಲಿಪಿ ಉಳಿದಿಲ್ಲ. ಮಕ್ಕಳು ತಮಿಳು ಶಾಲೆಗೆ ಹೋಗುತ್ತಾರೆ, ತಮಿಳಿನಲ್ಲೇ ಬರೆಯುತ್ತಾರೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಹನ್ನೆರಡು ಲಕ್ಷಕ್ಕೂ ಮಿಕ್ಕಿದ್ದಾರೆ. ಹೊಸೂರು, ತಾಳವಾಡಿಯಂತಹ ಗಡಿ ಪ್ರದೇಶದವರ ಮಾತು ಆಗೀಗಲಾದರೂ ಬೆಂಗಳೂರಿಗೆ ಕೇಳಿಸುತ್ತದೆ. ಕಂಬಂ ಕಣಿವೆಯದು ಕೇಳಿಸುವುದಿಲ್ಲ.

ಈ ಸೀಮೆಯಲ್ಲೇ ಸಮಾಜಸೇವೆಯ ಶಿಕ್ಷಣಕ್ಕೆ ಹೆಸರಾದ ಗಾಂಧಿಗ್ರಾಮವಿದೆ ಎಂಬುದು ಗಮನಾರ್ಹ. ದಿಂಡುಗಲ್ಲಿನಿಂದ ಮಧುರೆಯ ದಾರಿಯಲ್ಲಿ, ಕೈಮಗ್ಗದ ಸೀರೆಗಳ ಚಿನ್ನಾಳಪಟ್ಟಿಯ ಬಳಿ, 1947ರಲ್ಲಿ ಡಾ. ಟಿ. ಎಸ್. ಸೌಂದರಂ ಅವರು ಅದನ್ನು ಆರಂಭಿಸಿದರು. ಟಿ.ವಿ.ಎಸ್. ಬಸ್ಸಿನ ಸುಂದರಂ ಅಯ್ಯಂಗಾರರ ಮಗಳು. ಎಳೆವಯಸ್ಸಿನಲ್ಲೇ ವಿಧವೆಯಾಗಿ, ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯ ವಿದ್ಯೆ ಕಲಿತು, 1940ರಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಜಿ. ರಾಮಚಂದ್ರನ್ ಅವರನ್ನು ಮದುವೆಯಾದರು. ರಾಮಚಂದ್ರನ್ ಕೇರಳದ ನೆಯ್ಯಾಟ್ಟಿಂಕರೆಯವರು. ಐಯಂಗಾರ್ ಮನೆತನದ ವಿಧವೆಗೆ ಮಲೆಯಾಳಿ ವರನೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ.

ಗಾಂಧಿಗ್ರಾಮದಲ್ಲಿ ಕಸ್ತೂರ್ಬಾ ಆಸ್ಪತ್ರೆ ಬೆಳೆಯಿತು, ಗ್ರಾಮ ಸೇವಿಕೆಯರ ತರಬೇತು ನಡೆಯಿತು. 1956ರಲ್ಲಿ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. 1976ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯದ ಮಾನ್ಯತೆ ದೊರೆತಾಗ ರಾಮಚಂದ್ರನ್ ಮೊದಲ ಉಪಕುಲಪತಿಗಳಾದರು. ಪಾಠ, ಸಂಶೋಧನೆ, ಹಳ್ಳಿಯ ಸೇವೆ ಬೇರೆ ಬೇರೆಯಲ್ಲವೆಂಬುದು ಅಲ್ಲಿನ ಪದ್ಧತಿ. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ತಂಗಬೇಕು. 1959ರಿಂದ ಆತ್ತೂರು ಬ್ಲಾಕಿನಲ್ಲಿ ನಡೆದ ಆರೋಗ್ಯ ಮತ್ತು ಕುಟುಂಬ ಯೋಜನೆಯ ಪ್ರಯೋಗವಂತೂ ದೇಶದಲ್ಲೇ ಹೆಸರಾಯಿತು.

ಇಲ್ಲಿ ನಮಗೊಂದು ಪ್ರಶ್ನೆ ಏಳುತ್ತದೆ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನ ಮೂಲತತ್ವಗಳಲ್ಲಿ ಒಂದು, ಶಿಕ್ಷಣ ತಾಯ್ನುಡಿಯಲ್ಲಿರಬೇಕೆಂಬುದು. ಆ ತತ್ವವನ್ನು ಮನ್ನಿಸಿದ ನೆಲದಲ್ಲೇ ಕಪ್ಪಿಲಿಯರ ಮಗುವಿನ ತಾಯ್ನುಡಿ ಯಾವುದೆಂದು ಕೇಳುವವರಾರು? ಸೇವೆ ಮಾಡಲು ಬಂದವರು ತಮಿಳಿನಲ್ಲಿ ಕೇಳುತ್ತಾರೆ, ಮನೆಯವರು ತಮಿಳಿನಲ್ಲಿ ಉತ್ತರಿಸುತ್ತಾರೆ. ವರದಿಯಲ್ಲಿ ಅದು ತಮಿಳು ಮನೆ. ಯಾರದೂ ದುರುದ್ದೇಶವಲ್ಲ. ಆದರೆ ಮಗು ಸತ್ತ ಸಂಕಟವನ್ನೋ ಗಂಡನ ಕುಡಿತವನ್ನೋ ಹೇಳಬೇಕಾದ ತಾಯಿ ಕಲಿತ ನುಡಿಯಲ್ಲಿ ಎಷ್ಟು ಹೇಳಿಯಾಳು? ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲೆಯಾಳದ ಅರ್ಜಿ ಫಾರಂ ಹಿಡಿದು ಗ್ರಾಮ ಕಚೇರಿಯ ಜಗಲಿಯಲ್ಲಿ ಓದಿ ಹೇಳುವವರಿಗಾಗಿ ಕಾದವರು ನಮ್ಮ ಮನೆಗಳಲ್ಲೂ ಇದ್ದಾರೆ.

ದೂರದ ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐವರಷ್ಟೆ. ಆದರೂ ಫಿನ್ನಿಷ್ ಮತ್ತು ಸ್ವೀಡಿಷ್ ಎರಡೂ ಅಲ್ಲಿ ರಾಷ್ಟ್ರ ಭಾಷೆಗಳು. ಒಂದು ಪೌರಾಡಳಿತದಲ್ಲಿ ಅಲ್ಪಸಂಖ್ಯಾತ ನುಡಿಯವರು ಮೂರು ಸಾವಿರವಿದ್ದರೆ, ಅಥವಾ ನೂರಕ್ಕೆ ಎಂಟು ಇದ್ದರೆ, ಅದು ದ್ವಿಭಾಷಾ ಊರು. ಅಲ್ಲಿ ಸಮಾಜ ಕಲ್ಯಾಣದ ಕಚೇರಿಯಾಗಲಿ ಬಾಣಂತಿಯರ ಚಿಕಿತ್ಸಾಲಯವಾಗಲಿ ಎರಡು ನುಡಿಗಳಲ್ಲೂ ಸೇವೆ ಕೊಡಬೇಕು. ಸ್ವೀಡಿಷ್ ಬಲ್ಲ ಸಮಾಜ ಕಾರ್ಯಕರ್ತರು ಆಕಾಶದಿಂದ ಉದುರುವುದಿಲ್ಲವೆಂದು ಅವರಿಗೆ ಗೊತ್ತು. 1943ರಲ್ಲಿ ಸ್ಥಾಪಿಸಿದ ಸ್ವೀಡಿಷ್ ಮಾಧ್ಯಮದ ಸಮಾಜ ವಿಜ್ಞಾನ ಶಾಲೆಯೊಂದು 1984ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದೊಳಗೆ ಸೇರಿತು. ಸಮಾಜ ಕಾರ್ಯದ ಪಾಠ ಅಲ್ಲಿ ಇಂದಿಗೂ ಸ್ವೀಡಿಷಿನಲ್ಲಿದೆ. ಹಣವಂತ ದೇಶ, ಮಾಡುತ್ತಾರೆ ಎನ್ನಬಹುದು. ಆದರೆ ಅವರು ಎರಡು ನುಡಿಗಳಿಗೂ ಸಮಾನ ಸ್ಥಾನ ಕೊಟ್ಟದ್ದು 1919ರಲ್ಲಿ, ಒಳಯುದ್ಧ ಮುಗಿದ ಮರುವರ್ಷ. ಆಗ ಅವರು ಹಣವಂತರಾಗಿರಲಿಲ್ಲ.

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದಲ್ಲ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಬೇಕೆಂಬ 350ಎ ವಿಧಿ 1956ರಲ್ಲೇ ಸಂವಿಧಾನ ಸೇರಿತು. ತರಗತಿಯಲ್ಲಿ ಹತ್ತು ಅಥವಾ ಶಾಲೆಯಲ್ಲಿ ನಲ್ವತ್ತು ಮಕ್ಕಳಿದ್ದರೆ ಅಧ್ಯಾಪಕರನ್ನು ಕೊಡಬೇಕೆಂಬ ನಿಯಮ ಅದಕ್ಕೂ ಹಳೆಯದು, 1949ರದು. ನೂರಕ್ಕೆ ಹದಿನೈದು ಮಂದಿಯಿದ್ದಲ್ಲಿ ಮುಖ್ಯ ಪ್ರಕಟಣೆಗಳನ್ನು ಆ ನುಡಿಯಲ್ಲೂ ಹೊರಡಿಸಬೇಕು. ಇವೆಲ್ಲ ಕೇಳಿದವರಿಗೆ ಸಿಕ್ಕುವಂಥವು, ಅದೂ ಕೇಳಿ ಕೇಳಿ ಸಾಕಾದ ಮೇಲೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗ ಕಾಸರಗೋಡಿನ ಹೆತ್ತವರು ಬೀದಿಗಿಳಿದದ್ದು ಮರೆಯುವಂಥದಲ್ಲ. ಕಂಬದವರು ಕೇಳುವುದಿಲ್ಲ. ತಮಿಳು ಕಲಿಯದೆ ಮಗನಿಗೆ ಕೆಲಸವಿಲ್ಲವೆಂಬುದು ಅವರಿಗೆ ಗೊತ್ತು.

ಕಂಬದ ಮಕ್ಕಳ ಮೇಲೆ ಕನ್ನಡ ಲಿಪಿಯನ್ನು ಹೇರಬೇಕೆಂದು ನಾವು ಹೇಳುವುದಿಲ್ಲ. ದೂರದಲ್ಲಿ ಕುಳಿತು ಹಾಗೆ ಹೇಳುವುದು ಸುಲಭ. ಆದರೆ ಅಂಗನವಾಡಿಯ ಕಾರ್ಯಕರ್ತೆ, ಒಂದನೆಯ ತರಗತಿಯ ಅಧ್ಯಾಪಿಕೆ, ಮನೆ ಮನೆಗೆ ಹೋಗುವ ದಾದಿ, ಇವರಿಗಾದರೂ ಆ ಮನೆಯ ಮಾತು ತಿಳಿದಿರಬೇಡವೇ? ಸಮಾಜಸೇವೆ ಕಲಿಸುವ ಸಂಸ್ಥೆಗಳು ತಮ್ಮ ಪ್ರಶ್ನಾವಳಿಗಳಲ್ಲಿ ‘ಮನೆಯಲ್ಲಿ ಆಡುವ ಮಾತು ಯಾವುದು?’ ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಆಗುವುದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಇಂತಹ ಕೆಲಸಕ್ಕೆ ಅದರ ನೆರವು ಕೇಳಬಹುದು. ನಮ್ಮ ಕನ್ನಡ ಸಂಘಗಳೂ ಗಡಿನಾಡೆಂದರೆ ಕಾಸರಗೋಡು, ಸೊಲ್ಲಾಪುರ, ಹೊಸೂರುಗಳಲ್ಲಿ ನಿಲ್ಲದೆ ಇನ್ನಷ್ಟು ದಕ್ಷಿಣಕ್ಕೆ ನೋಡಬೇಕು.

ಬೆಳಗಾಗುವ ಮೊದಲೇ ಕಂಬಂ, ಬೋಡಿನಾಯಕನೂರುಗಳಿಂದ ಜೀಪುಗಳು ತುಂಬಿಕೊಂಡು ಘಟ್ಟ ಹತ್ತುತ್ತವೆ. ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರು ಸಂಜೆಗೆ ಮರಳುತ್ತಾರೆ. ಅವರಲ್ಲಿ ಕನ್ನಡ ಮನೆಯವಳೊಬ್ಬಳು ತೋಟದಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಮೊದಲು ಸೇರುವುದು ಕೇರಳದ ಆಸ್ಪತ್ರೆಗೆ. ಅಲ್ಲಿನ ಚೀಟಿ ಮಲೆಯಾಳದಲ್ಲಿ, ಅವಳ ರೇಷನ್ ಕಾರ್ಡು ತಮಿಳಿನಲ್ಲಿ. ನೋವಿಗೆ ಅವಳು ‘ಅಮ್ಮಾ’ ಎಂದರೆ ಮೂರು ನುಡಿಯವರಿಗೂ ತಿಳಿಯುತ್ತದೆ. ಅದರ ಮುಂದಿನ ಮಾತನ್ನು ಕೇಳಿಸಿಕೊಳ್ಳುವವರು ಬೇಕು.